ಕಾಗದ ತಿರುಗಿಸಬೇಡಿ, ತಲೆ ತಿರುಗಿಸಿ

ಕಳೆದ ಸಂಚಿಕೆ ಕೈಸೇರಿದ ವಾರವೇ ಹಿರಿಯರೊಬ್ಬರು ಸಂಘದ ಮೆಟ್ಟಿಲ ಮೇಲೆ ನಮ್ಮನ್ನು ತಡೆದು ನಿಲ್ಲಿಸಿದರು. “ನೀವು ಊಟದ ವಿಚಾರ ಬರೆದಿರಿ, ರೈಲಿನ ವಿಚಾರ ಬರೆದಿರಿ, ಬಾಡಿಗೆ ಮನೆಯ ವಿಚಾರವನ್ನಂತೂ ಎರಡು ಸಲ ಬರೆದಿರಿ. ನಾಲ್ವತ್ತು ವರ್ಷ ನಕ್ಷೆ ಬರೆದು ಹೊಟ್ಟೆ ಹೊರೆದವರು ಆ ಕಸುಬಿನ ವಿಚಾರ ಮಾತ್ರ ಏಕೆ ಬರೆಯಲಿಲ್ಲ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ನಕ್ಷೆಯ ವಿಚಾರ ಬರೆದರೆ ಓದುವವರಾರು ಎಂಬ ಅಂಜಿಕೆಯಿದ್ದಿತು ಎಂಬುದೇ ನಿಜ. ಆದರೆ ಈ ಮೂರು ತಿಂಗಳಲ್ಲಿ ನಮ್ಮ ಕಟ್ಟಡದ ಕೆಳಮಹಡಿಯಲ್ಲಿಯೇ ಒಂದು ಸಂಗತಿ ನಡೆದುಹೋಯಿತು. ಅದನ್ನು ಕೇಳಿದ ಮೇಲೆ, ವಾಚಕರ ಮನೆಗಳಲ್ಲಿಯೂ ನಕ್ಷೆಯ ಕೆಲಸಕ್ಕೆ ಹೊಸತಾಗಿ ಸೇರಿದ ಮಕ್ಕಳು ಇದ್ದೇ ಇರುತ್ತಾರೆ, ಅವರಿಗಾದರೂ ಉಪಯೋಗವಾದೀತು ಎಂದು ಲೇಖನಿ ಹಿಡಿದಿದ್ದೇವೆ. ನಕ್ಷೆಯ ಗೋಜು ಬೇಡವೆನ್ನುವವರು ಕಥೆಯನ್ನಷ್ಟೇ ಓದಿಕೊಳ್ಳಬಹುದು.

ಪುಣೆಯ ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ಮೂವರು ಹುಡುಗಿಯರು ಸೇರಿ ಒಂದು ಮನೆ ಹಿಡಿದಿದ್ದಾರೆ. ಅವರಲ್ಲೊಬ್ಬಳು ಧಾರವಾಡದವಳು. ಡಿಪ್ಲೊಮಾ ಮುಗಿಸಿ, ಇಲ್ಲಿನ ಒಂದು ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ಗಣಕಯಂತ್ರದ ಮೇಲೆ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ. ನಮ್ಮ ಬಾಗಿಲ ಮೇಲೆ ಕನ್ನಡದ ಹೆಸರು ಕಂಡ ದಿನವೇ ಬಂದು ನಮ್ಮನ್ನು ಕಾಕಾ ಎಂದೂ ನಮ್ಮ ಮನೆಯವರನ್ನು ಕಾಕೂ ಎಂದೂ ಕರೆದುಬಿಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ರವಿವಾರದ ಅವಲಕ್ಕಿ ಮೂರು ತಟ್ಟೆಗಳಿಗೆ ಹಂಚಿಹೋಗುತ್ತದೆ.

ಒಂದು ಗುರುವಾರ ರಾತ್ರಿ ಒಂಬತ್ತರ ಸುಮಾರಿಗೆ ಆಕೆ ಮೇಲೆ ಬಂದಳು. ಕಣ್ಣು ಕೆಂಪಾಗಿದ್ದವು.

“ಕಾಕಾ, ನನ್ನ ಕೈಲೆ ಆಗೂದಿಲ್ರೀ ಈ ನೌಕರಿ. ನಾಳೆ ರಾಜೀನಾಮೆ ಕೊಟ್ಟು ಊರಿಗೆ ಹೋಗಿಬಿಡ್ತೀನಿ. ಅವ್ವಗೂ ಫೋನ್ ಮಾಡಿ ಹೇಳೇನಿ. ಯಾಕ ಜೀವಾ ಸಣ್ಣ ಮಾಡ್ಕೋತಿ, ಬಂದುಬಿಡು ಅಂದಾಳ.”

“ಏನಾತು, ತಂಗಿ? ಮೊದಲು ಕೂಡು,” ಎಂದೆವು. ನಮ್ಮ ಮನೆಯವರು ಏನನ್ನೂ ಕೇಳದೆ ಚಹಾಕ್ಕೆ ನೀರಿಟ್ಟರು. ಅಳುವವರೆದುರಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಆದದ್ದು ಇಷ್ಟು. ಪುಣೆಯ ಹೊರವಲಯದಲ್ಲಿ ಒಂದು ನಿವೇಶನ. ಭೂಮಾಪಕರು ಅದನ್ನು ಅಳೆದು ನಕ್ಷೆ ಕೊಟ್ಟಿದ್ದರು. ಆ ನಿವೇಶನ ನಮ್ಮ ಮನಸ್ಸಿಗೆ ಬೇಕಾದಂತೆ ನೆಟ್ಟಗೆ ಪೂರ್ವ ಪಶ್ಚಿಮವಾಗಿ ಇರಲಿಲ್ಲ. ಯಾವ ನಿವೇಶನ ತಾನೆ ಇರುತ್ತದೆ? ಅದರ ದಕ್ಷಿಣದ ಗಡಿ 90 ಮೀಟರ್ ಉದ್ದ. ಪೂರ್ವ ದಿಕ್ಕಿಗೆ ಓರೆಯಾಗಿ ಮೇಲಕ್ಕೇರಿತ್ತು. ಹುಡುಗಿ ಆ ಗೆರೆಯ ಕೋನವೆಷ್ಟೆಂದು ಯಂತ್ರವನ್ನು ಕೇಳಿದಳು. ಯಂತ್ರ 27 ಡಿಗ್ರಿ ಎಂದಿತು. ಓರೆ ಕಾಗದದ ಮೇಲೆ ಕಟ್ಟಡ ಬರೆಯುವುದು ಕಷ್ಟವೆಂದು ಆಕೆ ಇಡೀ ನಕ್ಷೆಯನ್ನು ಹಿಡಿದು, ರೊಟೇಟ್ ಎಂಬ ಆಜ್ಞೆಯಿಂದ 27 ಡಿಗ್ರಿ ಹಿಂದಕ್ಕೆ ತಿರುಗಿಸಿದಳು. ಅಂಕಿಗಳು ಉದ್ದುದ್ದ ಬರುತ್ತವೆಂದು ನಿವೇಶನದ ನೈಋತ್ಯ ಮೂಲೆಯನ್ನು ಎಳೆದುತಂದು ಸೊನ್ನೆ, ಸೊನ್ನೆಯ ಮೇಲೆ ಕೂರಿಸಿದಳು. ಆಮೇಲೆ ಹದಿನೈದು ದಿನ ತಲೆಯೆತ್ತದೆ ಕೆಲಸ ಮಾಡಿದಳು. ಕಟ್ಟಡ, ಕಾಂಪೌಂಡು, ಗೇಟು, ಗಿಡಗಳ ಸಾಲು ಎಲ್ಲವೂ ಪರದೆಯ ಮೇಲೆ ಚೊಕ್ಕಟವಾಗಿ ನಿಂತವು.

ಹದಿನಾರನೆಯ ದಿನ ಚರಂಡಿಯ ಎಂಜಿನಿಯರರ ನಕ್ಷೆ ಬಂತು. ಅದನ್ನು ತನ್ನ ನಕ್ಷೆಯೊಳಕ್ಕೆ ತಂದು ಎರಡನ್ನೂ ಒಟ್ಟಿಗೆ ನೋಡೋಣವೆಂದರೆ ಪರದೆಯ ಮೇಲೆ ಎರಡು ಚುಕ್ಕೆಗಳು ಮಾತ್ರ ಕಂಡವು. ಒಂದು ಚುಕ್ಕೆ ಆಕೆಯ ಕಟ್ಟಡ, ಇನ್ನೊಂದು ಚರಂಡಿ. ನಡುವೆ ಕತ್ತಲೆ. ಗಾಬರಿಗೊಂಡ ಹುಡುಗಿ ಚೀಟಿಯಲ್ಲಿ ಬರೆದಿಟ್ಟಿದ್ದ ಮೂಲೆಯ ಅಂಕಿಗಳನ್ನು ಹುಡುಕಿ, ನಕ್ಷೆಯನ್ನು ಮತ್ತೆ ಆ ಮೂಲೆಗೆ ಒಯ್ದು, 27 ಡಿಗ್ರಿ ಮುಂದಕ್ಕೆ ತಿರುಗಿಸಿ ನಿಟ್ಟುಸಿರುಬಿಟ್ಟಳು. ಎರಡೂ ಕೂಡಿದಂತೆ ಕಂಡವು. ಆ ನಕ್ಷೆಯನ್ನೇ ಹಿಡಿದು ನಿವೇಶನದಲ್ಲಿ ಗೂಟ ಹೊಡೆದರು, ಸುಣ್ಣದ ಗೆರೆ ಎಳೆದರು. ಮರುದಿನ ಬೆಳಿಗ್ಗೆ ಪಕ್ಕದ ನಿವೇಶನದವರು ಬಂದು, “ನಿಮ್ಮ ಗೋಡೆ ನಮ್ಮ ಜಾಗದೊಳಕ್ಕೆ ಬರುತ್ತಿದೆ” ಎಂದು ಕೆಲಸ ನಿಲ್ಲಿಸಿಬಿಟ್ಟರು. ಅಳೆದು ನೋಡಿದರೆ ಅವರ ಮಾತು ನಿಜ. ಒಂದು ತುದಿಯಲ್ಲಿ ಗೆರೆ ಸರಿಯಾಗಿದೆ. ಇನ್ನೊಂದು ತುದಿಯಲ್ಲಿ 63 ಸೆಂಟಿಮೀಟರ್ ಆಚೆ ಹೋಗಿದೆ. ಹೆಚ್ಚುಕಡಮೆ ಒಂದೂವರೆ ಮೊಳ. ನೆರೆಹೊರೆಯವರು ಒಂದು ಗೇಣಿಗಾಗಿ ಹತ್ತು ವರ್ಷ ಕೋರ್ಟು ಹತ್ತುವ ಈ ದೇಶದಲ್ಲಿ ಒಂದೂವರೆ ಮೊಳವೆಂದರೆ ಸಣ್ಣ ಮಾತಲ್ಲ.

“ನಾ 27 ತಿರುಗಿಸಿದ್ದೆ, 27ನ ವಾಪಸ್ ತಿರುಗಿಸೇನ್ರಿ ಕಾಕಾ. ತಪ್ಪು ಎಲ್ಲಿಂದ ಬಂತು?” ಎಂದು ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಆಕೆಯ ಪುಟ್ಟ ಗಣಕಯಂತ್ರವನ್ನು ತರಿಸಿ, ಭೂಮಾಪಕರ ಮೂಲ ನಕ್ಷೆಯನ್ನು ತೆರೆಸಿದೆವು. ಯೂನಿಟ್ಸ್ ಎಂಬ ಆಜ್ಞೆಯಲ್ಲಿ ಕೋನದ ದಶಮಾಂಶಗಳನ್ನು ಹೆಚ್ಚಿಸಿ ಅದೇ ಗೆರೆಯ ಕೋನವನ್ನು ಮತ್ತೆ ಕೇಳಿದೆವು. ಈಗ ಯಂತ್ರ 27.4 ಎಂದಿತು! ಆಟೋಕ್ಯಾಡಿನಲ್ಲಿ ನಾವು ಬೇರೆ ಹೇಳದಿದ್ದರೆ ಕೋನಗಳನ್ನು ದಶಮಾಂಶವಿಲ್ಲದೆ ತೋರಿಸುವುದು ರೂಢಿ. ಒಳಗೆ ಪೂರ್ತಿ ಸಂಖ್ಯೆಯನ್ನು ಇಟ್ಟುಕೊಂಡಿರುತ್ತದೆ, ಹೊರಗೆ ಮಾತ್ರ ದುಂಡಗೆ ಮಾಡಿ ಹೇಳುತ್ತದೆ. ಆಕೆ 27 ತಿರುಗಿಸಿದಾಗ ನಿವೇಶನ ಪೂರ್ತಿ ನೆಟ್ಟಗಾಗಲಿಲ್ಲ, 0.4 ಡಿಗ್ರಿ ಓರೆ ಉಳಿಯಿತು. ಅಷ್ಟು ಓರೆ ಕಣ್ಣಿಗೆ ಕಾಣದು. ಆಕೆ ಕಾಂಪೌಂಡನ್ನು ಪರದೆಗೆ ನೆಟ್ಟಗೆ ಎಳೆದಳು. ಗಡಿ 27.4ರಲ್ಲಿ ಉಳಿಯಿತು, ಗೋಡೆ 27ರಲ್ಲಿ ನಿಂತಿತು. 90 ಮೀಟರ್ ದೂರದಲ್ಲಿ 0.4 ಡಿಗ್ರಿಯ ಬೆಲೆ 63 ಸೆಂಟಿಮೀಟರ್. ಲೆಕ್ಕ ಚುಕ್ತಾ.

ಹುಡುಗಿ ಇನ್ನೊಮ್ಮೆ ಅಳುವುದರಲ್ಲಿದ್ದಳು. ಆಗ ನಾವು ನಮ್ಮ ಕಥೆಯನ್ನು ತೆಗೆದೆವು.

ನಾವು ಕೆಲಸಕ್ಕೆ ಸೇರಿದ್ದು 1978ರಲ್ಲಿ. ಆಗ ಗಣಕಯಂತ್ರವೆಲ್ಲಿಯದು? ದೊಡ್ಡ ಹಲಗೆ, ಅದರ ಮೇಲೆ ಟೇಪು ಹಚ್ಚಿ ಕೂರಿಸಿದ ಟ್ರೇಸಿಂಗ್ ಕಾಗದ, ಹಲಗೆಗೆ ಬಿಗಿದ ಡ್ರಾಫ್ಟಿಂಗ್ ಮೆಷಿನ್. ಆ ಮೆಷಿನ್ನಿಗೆ ಒಂದು ತಲೆ. ತಲೆಗೆ ಒಂದಕ್ಕೊಂದು ಲಂಬವಾಗಿ ಎರಡು ಅಳತೆಪಟ್ಟಿಗಳು. ಗುಂಡಿ ಒತ್ತಿ ತಲೆಯನ್ನು ತಿರುಗಿಸಿದರೆ 15 ಡಿಗ್ರಿಗೊಮ್ಮೆ ಖಟ್ಟೆಂದು ನಿಲ್ಲುತ್ತಿತ್ತು. ನಡುವಿನ ಕೋನ ಬೇಕಾದರೆ ತಿರುಪು ಬಿಗಿದು ನಿಲ್ಲಿಸಬಹುದಾಗಿತ್ತು. ನಮಗೆ ಮೊದಲ ವರ್ಷವೇ ಒಂದು ಓರೆ ನಿವೇಶನ ಬಂತು. ನಾವು ಬುದ್ಧಿವಂತರೆಂದು ತಿಳಿದು, ಟೇಪು ಕಿತ್ತು, ಕಾಗದವನ್ನೇ ತಿರುಗಿಸಿ ಅಂಟಿಸಿಕೊಂಡೆವು. ಕಟ್ಟಡವೆಲ್ಲ ಬರೆದಾದ ಮೇಲೆ ಉತ್ತರದ ಬಾಣವನ್ನು ಅಭ್ಯಾಸಬಲದಿಂದ ಹಲಗೆಯ ಮೇಲ್ಭಾಗಕ್ಕೆ ಎಳೆದೆವು. ಕಾಗದ ತಿರುಗಿದೆ ಎಂಬುದೇ ಮರೆತಿತ್ತು. ಆ ನಕ್ಷೆ ಹಾಗೆಯೇ ಹೋಗಿದ್ದರೆ ಯಾರದೋ ಮನೆಯ ಅಡಿಗೆಮನೆಗೆ ಬೆಳಗಿನ ಬಿಸಿಲಿಗೆ ಬದಲು ಮಧ್ಯಾಹ್ನದ ಬಿಸಿಲು ಬೀಳುತ್ತಿತ್ತು. ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಮರಾಠಿಯವರು, ಕಡಿಮೆ ಮಾತಿನವರು. ನಕ್ಷೆಯನ್ನು ನೋಡಿ, ನಮ್ಮನ್ನು ನೋಡಿ, ಒಂದೇ ಮಾತು ಹೇಳಿದರು: “ಕಾಗದ ತಿರುಗಿಸಬೇಡ, ತಲೆ ತಿರುಗಿಸು.”

ಅವರು ಹೇಳಿದ್ದು ಮೆಷಿನ್ನಿನ ತಲೆಯನ್ನೋ ನಮ್ಮ ತಲೆಯನ್ನೋ ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ಆ ಒಂದು ಮಾತಿನಲ್ಲಿ ಇಂದಿನ ಅಂಕಣದ ಸಾರವೆಲ್ಲ ಇದೆ. ಆಟೋಕ್ಯಾಡ್ ಹುಟ್ಟಿದ್ದು 1982ರಲ್ಲಿ. 1988ರಲ್ಲಿ ಬಂದ ಅದರ ಹತ್ತನೆಯ ಆವೃತ್ತಿಯಲ್ಲಿ ಯು.ಸಿ.ಎಸ್. ಎಂಬ ಸೌಕರ್ಯ ಸೇರಿತು. ಬಿಡಿಸಿ ಹೇಳಿದರೆ ಯೂಸರ್ ಕೋಆರ್ಡಿನೇಟ್ ಸಿಸ್ಟಮ್. ಕನ್ನಡದಲ್ಲಿ, ಬಳಸುವವನ ಸ್ವಂತ ನಿರ್ದೇಶಾಂಕ ವ್ಯವಸ್ಥೆ. ಅದು ಬೇರೇನೂ ಅಲ್ಲ, ಆ ಹಳೆಯ ಮೆಷಿನ್ನಿನ ತಲೆಯೇ.

ನಿರ್ದೇಶಾಂಕವೆಂದರೆ ಶಾಲೆಯಲ್ಲಿ ಚೌಕಳಿ ಕಾಗದದ ಮೇಲೆ ಎಲ್ಲರೂ ಕಲಿತದ್ದೆ. ಒಂದು ಮೂಲಬಿಂದು, ಅಲ್ಲಿಂದ ಅಡ್ಡ ಇಷ್ಟು, ಮೇಲಕ್ಕೆ ಇಷ್ಟು. ಫ್ರಾನ್ಸಿನ ದೆಕಾರ್ತ್ 1637ರಲ್ಲಿ ಪ್ರಕಟಿಸಿದ ಜ್ಯಾಮಿತಿಯಿಂದ ಈ ಪದ್ಧತಿಗೆ ಅವನ ಹೆಸರು ಬಂತು. ಆಟೋಕ್ಯಾಡಿನ ಪ್ರತಿಯೊಂದು ನಕ್ಷೆಯಲ್ಲಿಯೂ ಒಂದು ವಿಶ್ವ ವ್ಯವಸ್ಥೆ ಇರುತ್ತದೆ. ಅದನ್ನು ವರ್ಲ್ಡ್ ಎನ್ನುತ್ತಾರೆ. ಅದು ಕದಲುವುದಿಲ್ಲ, ತಿರುಗುವುದಿಲ್ಲ. ಬರೆದ ಪ್ರತಿಯೊಂದು ಗೆರೆಯ ನಿಜವಾದ ಜಾಗ ಅದರಲ್ಲಿಯೇ ನಿಶ್ಚಯವಾಗಿರುತ್ತದೆ. ಅದರ ಮೇಲೆ ನಮ್ಮ ಅನುಕೂಲಕ್ಕೆ ನಮ್ಮದೊಂದು ಸೊನ್ನೆಯನ್ನೂ ನಮ್ಮದೊಂದು ದಿಕ್ಕನ್ನೂ ಇಟ್ಟುಕೊಳ್ಳಬಹುದು. ಅದೇ ಯು.ಸಿ.ಎಸ್. ಇದನ್ನು ಇಟ್ಟುಕೊಂಡರೆ ಕಟ್ಟಡ ಒಂದು ಕೂದಲೆಳೆಯಷ್ಟೂ ಸರಿಯುವುದಿಲ್ಲ. ನಾವು ಅಳೆಯುವ ಪಟ್ಟಿ ಮಾತ್ರ ತಿರುಗುತ್ತದೆ.

“ಹಂಗಾದ್ರ ಆ ಎರಡು ಚುಕ್ಕಿ ಯಾಕ ಅಷ್ಟು ದೂರ ಇದ್ದವು?” ಎಂದಳು ಹುಡುಗಿ. ಚಹಾ ಅರ್ಧ ಮುಗಿದಿತ್ತು. ಅಳು ನಿಂತು ಕುತೂಹಲ ಹುಟ್ಟಿದರೆ ರೋಗಿ ಅರ್ಧ ಗುಣವಾದಂತೆ.

ಭೂಮಾಪಕರು ಕೊಟ್ಟ ಅಂಕಿಗಳು ಯು.ಟಿ.ಎಂ. ಪದ್ಧತಿಯವು. ಅದರಲ್ಲಿ ಭೂಮಿಯನ್ನು ಆರಾರು ಡಿಗ್ರಿ ರೇಖಾಂಶದ 60 ವಲಯಗಳನ್ನಾಗಿ ಮಾಡಿದ್ದಾರೆ. ಪೂರ್ವಕ್ಕೆ 72ರಿಂದ 78 ಡಿಗ್ರಿಯವರೆಗಿನದು 43ನೆಯ ವಲಯ. ಮುಂಬಯಿ, ಪುಣೆ, ದೆಹಲಿಯ ವಾಚಕರೂ ಬೆಂಗಳೂರಿನ ಅವರ ನಂಟರೂ ಇದೇ ಮನೆಯವರು. ಹೈದರಾಬಾದು, ಚೆನ್ನೈಗಳ ವಾಚಕರು 44ನೆಯ ವಲಯದವರು. ಅವರ ಜೊತೆಗೆ ನಮ್ಮ ಕೋಲಾರವೂ ಗಡಿ ದಾಟಿ ಆ ಕಡೆಗೆ ಸೇರಿಕೊಂಡಿದೆ. ಉತ್ತರದ ಅಂಕಿಯನ್ನು ವಿಷುವದ್ರೇಖೆಯಿಂದ ಎಣಿಸುತ್ತಾರೆ. ಪೂರ್ವದ ಅಂಕಿಯನ್ನು ವಲಯದ ನಡುಗೆರೆಯಿಂದ ಎಣಿಸಬೇಕು. ಆದರೆ ಪಶ್ಚಿಮಕ್ಕೆ ಹೋದರೆ ಋಣಸಂಖ್ಯೆ ಬಂದು ತೊಂದರೆಯಾಗುತ್ತದೆಂದು ನಡುಗೆರೆಗೆ ಸೊನ್ನೆಯ ಬದಲು 5,00,000 ಮೀಟರ್ ಎಂಬ ಬೆಲೆಯನ್ನು ಕೊಟ್ಟಿದ್ದಾರೆ. ಪುಣೆಯ ನಡುಭಾಗಕ್ಕೆ ಪೂರ್ವಾಂಕ ಸುಮಾರು 3,79,000, ಉತ್ತರಾಂಕ ಸುಮಾರು 20,48,000 ಬರುತ್ತದೆ. ಅಂದರೆ ಈ ವಲಯದ ಸೊನ್ನೆ, ಸೊನ್ನೆ ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಆಚೆ, ಮಾಲ್ದೀವಿನ ಪಶ್ಚಿಮಕ್ಕೆ, ವಿಷುವದ್ರೇಖೆಯ ಮೇಲೆ, ಹಿಂದೂ ಮಹಾಸಾಗರದ ನಡುವೆ ಇದೆ.

“ಅಂದ್ರ ನನ್ನ ಬಿಲ್ಡಿಂಗು ಹದಿನೈದು ದಿನ ಸಮುದ್ರದಾಗ ಇತ್ತೇನ್ರಿ?” ಎಂದು ಹುಡುಗಿ ಕಣ್ಣರಳಿಸಿದಳು.

“ಗಿಡಗಳ ಸಾಲು ಸಮೇತ,” ಎಂದೆವು. ಆಕೆ ನಕ್ಕಳು. ಆ ರಾತ್ರಿಯ ಮೊದಲ ನಗೆ.

“ಇನ್ನೊಂದು ಕೇಳು, ತಂಗಿ. 43ನೆಯ ವಲಯದ ನಡುಗೆರೆ 75ನೆಯ ಡಿಗ್ರಿ. ಅದು ಎಲ್ಲಿ ಹಾದುಹೋಗತದ ಗೊತ್ತದೇನು? ನಿಮ್ಮ ಧಾರವಾಡದ ಮಗ್ಗುಲಾಗ. ಐದು ಲಕ್ಷ ಅನ್ನೂದು ನಿಮ್ಮೂರಿನ ಅಂಕಿ. ಪುಣೆ ಅದಕ್ಕಿಂತ 1,21,000 ಮೀಟರ್ ಪಶ್ಚಿಮಕ್ಕ ಅದ. ಇಲ್ಲಿ ಕೂತು ನೀ ಪೂರ್ವಾಂಕ ಬರೆದಾಗೆಲ್ಲ ಊರಿನ ಗೆರೆಯಿಂದಲೇ ಅಳತೀ.”

ಹುಡುಗಿ ಮಾತಾಡಲಿಲ್ಲ. ಚಹಾದ ಲೋಟವನ್ನು ಕೆಳಗಿಟ್ಟು, “ಈಗ ಹೆಂಗ ಮಾಡೂದು ತೋರಸ್ರಿ,” ಎಂದಳು.

ಅಂದು ತೋರಿಸಿದ್ದನ್ನು ವಾಚಕರ ಮನೆಯ ಮಕ್ಕಳಿಗಾಗಿ ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

ಮೊದಲನೆಯದಾಗಿ, ಭೂಮಾಪಕರ ಗೆರೆಗಳನ್ನು ಒಂದು ಲೇಯರಿನಲ್ಲಿ ಇಟ್ಟು ಬೀಗ ಹಾಕಿ. ಅವನ್ನು ಸರಿಸುವ, ತಿರುಗಿಸುವ ಆಸೆಯೇ ಹುಟ್ಟಬಾರದು.

ಎರಡನೆಯದು, ಯು.ಸಿ.ಎಸ್. ಎಂದು ಬೆರಳಚ್ಚಿಸಿ. ಯಂತ್ರ ಮೂಲಬಿಂದುವನ್ನು ಕೇಳುತ್ತದೆ. ನಿವೇಶನದ ನೈಋತ್ಯ ಮೂಲೆಯನ್ನು ತೋರಿಸಿ. ಅಂದಾಜಿಗೆ ತೋರಿಸಬಾರದು, ಗೆರೆಯ ತುದಿಯನ್ನೇ ಹಿಡಿಯುವ ಎಂಡ್‌ಪಾಯಿಂಟ್ ಸ್ನ್ಯಾಪನ್ನು ಬಳಸಬೇಕು. ಇಲ್ಲಿಗೇ ಎಂಟರ್ ಒತ್ತಿದರೆ ಸೊನ್ನೆ ಮಾತ್ರ ಅಲ್ಲಿಗೆ ಬಂದು ಕೂರುತ್ತದೆ, ದಿಕ್ಕು ಹಳೆಯದೇ ಉಳಿಯುತ್ತದೆ. ನಮಗೆ ದಿಕ್ಕೂ ಬೇಕು. ಆದುದರಿಂದ ಮುಂದೆ ಎಕ್ಸ್ ಅಕ್ಷದ ಮೇಲಿನ ಬಿಂದುವನ್ನು ಕೇಳಿದಾಗ ಅದೇ ಗಡಿಯ ಇನ್ನೊಂದು ತುದಿಯನ್ನು ತೋರಿಸಿ. ಮೂರನೆಯ ಬಿಂದುವನ್ನು ಕೇಳಿದಾಗ ನಿವೇಶನದ ಒಳಗೆ ಎಲ್ಲಾದರೂ ತೋರಿಸಿ; ವೈ ಅಕ್ಷ ಆ ಕಡೆಗೆ ಎಂದು ಅರ್ಥ. ಇಲ್ಲಿ ನಾವು ಯಾವ ಕೋನವನ್ನೂ ಕೈಯಿಂದ ಬರೆಯಲಿಲ್ಲ ಎಂಬುದನ್ನು ಗಮನಿಸಬೇಕು. 27ರ ಮಾತೂ ಇಲ್ಲ, 27.4ರ ಮಾತೂ ಇಲ್ಲ. ಗೆರೆ ಎಷ್ಟು ಓರೆಯೋ ಅಷ್ಟನ್ನು ಯಂತ್ರವೇ ತನ್ನ ಪೂರ್ತಿ ದಶಮಾಂಶಗಳೊಂದಿಗೆ ತೆಗೆದುಕೊಂಡಿತು. ಹುಡುಗಿಯ 63 ಸೆಂಟಿಮೀಟರ್ ಇಲ್ಲಿಯೇ ಉಳಿಯುತ್ತಿತ್ತು.

ಮೂರನೆಯದು, ಈಗಲೂ ಪರದೆಯ ಮೇಲೆ ನಿವೇಶನ ಓರೆಯಾಗಿಯೇ ಕಾಣುತ್ತದೆ. ಪ್ಲಾನ್ ಎಂಬ ಆಜ್ಞೆ ಕೊಟ್ಟು ಕರೆಂಟ್ ಎಂಬುದನ್ನು ಆರಿಸಿ. ನೋಟ ತಿರುಗಿ ನಿವೇಶನ ನೆಟ್ಟಗೆ ನಿಲ್ಲುತ್ತದೆ. ತಿರುಗಿದ್ದು ನಮ್ಮ ಕತ್ತು, ನಿವೇಶನವಲ್ಲ. ಇನ್ನು ಆರ್ಥೋ ಹಾಕಿದರೆ ಗೆರೆಗಳು ಗಡಿಗೆ ಸಮಾನಾಂತರವಾಗಿಯೂ ಲಂಬವಾಗಿಯೂ ಬರುತ್ತವೆ. ಅಕ್ಷರಗಳು ಗಡಿಯ ಜೊತೆ ಸಾಲಾಗಿ ನಿಲ್ಲುತ್ತವೆ. ಅಡ್ಡ ಉದ್ದದ ಅಳತೆಗಳು ಗಡಿಯ ದಿಕ್ಕಿನಲ್ಲಿಯೇ ಬೀಳುತ್ತವೆ. ಮೂಲೆಯಿಂದ ಮೂರು ಮೀಟರ್ ಒಳಗೆ ಗೋಡೆ ಬೇಕಾದರೆ 3,3 ಎಂದು ಬರೆದರೆ ತೀರಿತು.

ನಾಲ್ಕನೆಯದು, ಈ ವ್ಯವಸ್ಥೆಗೊಂದು ಹೆಸರಿಟ್ಟು ಉಳಿಸಿಕೊಳ್ಳಿ. ಯು.ಸಿ.ಎಸ್. ಆಜ್ಞೆಯಲ್ಲಿಯೇ ನೇಮ್ಡ್ ಎಂಬ ಆಯ್ಕೆ, ಅದರಲ್ಲಿ ಸೇವ್. ಒಂದೇ ನಕ್ಷೆಯಲ್ಲಿ ಮೂರು ದಿಕ್ಕಿಗೆ ಮುಖ ಮಾಡಿದ ಮೂರು ಕಟ್ಟಡಗಳಿದ್ದರೆ ಮೂರು ಹೆಸರುಗಳು. ಬೇಕಾದಾಗ ರೆಸ್ಟೋರ್ ಎಂದರೆ ಬೇಕಾದದ್ದು ಬಂದು ನಿಲ್ಲುತ್ತದೆ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಕೆಲಸ ಮುಗಿದ ಮೇಲೆ ಯು.ಸಿ.ಎಸ್. ಎಂದು ಬರೆದು ವರ್ಲ್ಡ್ ಎಂದು ಆರಿಸಿ ಮನೆಗೆ ಮರಳಿ. ಬೇರೆಯವರ ನಕ್ಷೆಯನ್ನು ಎಕ್ಸ್‌ರೆಫ್ ಆಗಿ ತರುವುದಕ್ಕೆ ಮೊದಲು ಮರಳಿರಲೇಬೇಕು. ಇಲ್ಲದಿದ್ದರೆ ಆ ನಕ್ಷೆ ವಿಶ್ವದ ಸೊನ್ನೆಗೆ ಹೋಗದೆ ನಮ್ಮ ಸೊನ್ನೆಗೆ ಬಂದು, ನಮ್ಮ ಓರೆಗೆ ತಕ್ಕಂತೆ ಓರೆಯಾಗಿ ಕೂರುತ್ತದೆ. ಹಾಗೆಯೇ ಗೂಟ ಹೊಡೆಯುವವರಿಗೆ ಅಂಕಿಗಳನ್ನು ಕೊಡುವ ಮೊದಲೂ ಮರಳಿರಬೇಕು. ಐಡಿ ಎಂಬ ಆಜ್ಞೆ ಬಿಂದುವಿನ ಅಂಕಿಯನ್ನು ಆ ಹೊತ್ತಿನಲ್ಲಿ ನಡೆಯುತ್ತಿರುವ ವ್ಯವಸ್ಥೆಯಲ್ಲಿ ಹೇಳುತ್ತದೆಯೇ ಹೊರತು ವಿಶ್ವದ ವ್ಯವಸ್ಥೆಯಲ್ಲಿ ಅಲ್ಲ. ನಾವೀಗ ಎಲ್ಲಿದ್ದೇವೆಂದು ತಿಳಿಯಲು ಮೂಲಬಿಂದುವಿನಲ್ಲಿ ಕಾಣುವ ಅಕ್ಷಗಳ ಚಿಹ್ನೆಯನ್ನು ನೋಡಬೇಕು. ಎರಡು ಕಡ್ಡಿಗಳು ಕೂಡುವೆಡೆ ಸಣ್ಣದೊಂದು ಚೌಕವಿದ್ದರೆ ವಿಶ್ವದ ವ್ಯವಸ್ಥೆ; ಚೌಕವಿಲ್ಲದಿದ್ದರೆ ನಮ್ಮ ಸ್ವಂತದ್ದು. ಅನೇಕರು ಈ ಚಿಹ್ನೆ ಅಡ್ಡವೆಂದು ಅದನ್ನು ಅಡಗಿಸಿಬಿಡುತ್ತಾರೆ. ದಾರಿ ಹೇಳುವ ಕಂಬವನ್ನು ಕಿತ್ತು ಹಾಕಿದಂತೆಯೇ ಸರಿ.

ಒಂದು ಸಣ್ಣ ಉಪಾಯವನ್ನೂ ಹೇಳಿಬಿಡುತ್ತೇವೆ. ನಮ್ಮ ವ್ಯವಸ್ಥೆಯಲ್ಲಿ ಬರೆಯುತ್ತಿರುವಾಗಲೇ ಭೂಮಾಪಕರು ಕೊಟ್ಟ ಒಂದು ಬಿಂದುವನ್ನು ಗುರುತಿಸಬೇಕಾಗಿ ಬಂದರೆ, ಅಂಕಿಗಳ ಹಿಂದೆ ನಕ್ಷತ್ರದ ಗುರುತನ್ನು ಹಾಕಿದರೆ ಸಾಕು. ಯಂತ್ರ ಆ ಅಂಕಿಗಳನ್ನು ವಿಶ್ವದ ಲೆಕ್ಕದಲ್ಲಿ ಓದಿಕೊಳ್ಳುತ್ತದೆ. ಹಾಳೆಯ ಮೇಲೆ ಅಚ್ಚು ತೆಗೆಯುವಾಗಲೂ ಲೇಔಟಿನ ಕಿಂಡಿಯೊಳಕ್ಕೆ ಹೋಗಿ ಅಲ್ಲಿಯೇ ಪ್ಲಾನ್ ಕೊಟ್ಟರೆ ಕಟ್ಟಡ ಹಾಳೆಗೆ ನೆಟ್ಟಗೆ ಬರುತ್ತದೆ, ಮೂಲ ಕದಲುವುದಿಲ್ಲ. ಆದರೆ ಉತ್ತರದ ಬಾಣವನ್ನು ಮಾತ್ರ ಹಾಳೆಯ ಮೇಲ್ಭಾಗಕ್ಕೆ ಎಳೆಯಬಾರದು, ಭೂಮಾಪಕರ ಉತ್ತರಕ್ಕೇ ಎಳೆಯಬೇಕು. ಈ ವಿಷಯದಲ್ಲಿ ನಮ್ಮ ಮಾತನ್ನು ನಂಬಬಹುದು.

ಇಷ್ಟೂ ನೆಲದ ಮೇಲಿನ ಮಾತಾಯಿತು. ಮೂರು ಆಯಾಮಗಳ ಕೆಲಸದಲ್ಲಿ ಇದರ ಉಪಯೋಗ ಇನ್ನೂ ದೊಡ್ಡದು. ಮಂಗಳೂರು ಹೆಂಚಿನ ಇಳಿಜಾರು ಮಾಡಿನ ಮೇಲೆ ಒಂದು ಗುಂಡು ಕಿಂಡಿಯನ್ನು ಬರೆಯಬೇಕೆಂದಿಟ್ಟುಕೊಳ್ಳಿ. ವೃತ್ತವು ನಡೆಯುತ್ತಿರುವ ವ್ಯವಸ್ಥೆಯ ಎಕ್ಸ್ ವೈ ಸಮತಲದಲ್ಲಿಯೇ ಹುಟ್ಟುತ್ತದೆ. ಮಾಡಿನ ಇಳಿಜಾರಿಗೆ ಆ ಸಮತಲವನ್ನು ಅಂಟಿಸಿಟ್ಟರೆ ವೃತ್ತ ಮಾಡಿನ ಮೇಲೆಯೇ ಕೂರುತ್ತದೆ. ಜೆಡ್ ಅಕ್ಷ ಯಾವ ಕಡೆಗೆ ಎಂಬ ಗೊಂದಲಕ್ಕೆ ಬಲಗೈ ಸಾಕು: ಹೆಬ್ಬೆರಳು ಎಕ್ಸ್, ತೋರುಬೆರಳು ವೈ, ಮಡಿಸಿ ಮುಂದಕ್ಕೆ ಚಾಚಿದ ನಡುಬೆರಳು ಜೆಡ್. 2007ರ ಆವೃತ್ತಿಯಿಂದ ಯಂತ್ರವೇ ಮುಖವನ್ನು ಗುರುತಿಸಿ ತಾತ್ಕಾಲಿಕವಾಗಿ ತಲೆ ತಿರುಗಿಸಿಕೊಳ್ಳುವ ಸೌಕರ್ಯವೂ ಬಂದಿದೆ. ಬೇರೆ ತಂತ್ರಾಂಶಗಳಲ್ಲಿಯೂ ಹೆಸರು ಬೇರೆ, ಸಂಗತಿ ಒಂದೆ. ರೆವಿಟ್‌ನಲ್ಲಿ ಪ್ರಾಜೆಕ್ಟ್ ನಾರ್ತ್ ಮತ್ತು ಟ್ರೂ ನಾರ್ತ್ ಎಂದು ಎರಡು ಉತ್ತರಗಳನ್ನಿಟ್ಟಿದ್ದಾರೆ: ಒಂದು ನಮ್ಮ ಅನುಕೂಲದ್ದು, ಒಂದು ಭೂಮಿಯದು.

ಚೆನ್ನೈಯ ವಾಚಕರಿಗೊಂದು ಮಾತು. ನಿಮ್ಮ ಸೇಂಟ್ ಥಾಮಸ್ ಮೌಂಟಿನ ಬಳಿಯಲ್ಲಿಯೇ 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಉಕ್ಕಿನ ಸರಪಳಿ ಹಿಡಿದು ಒಂದು ಆಧಾರರೇಖೆಯನ್ನು ಅಳೆದ. ಭಾರತವನ್ನೆಲ್ಲ ತ್ರಿಕೋನಗಳಿಂದ ಅಳೆದ ಮಹಾ ಮಾಪನಕ್ಕೆ ಅದೇ ಮೊದಲು. ಆ ಒಂದು ಗೆರೆಯನ್ನು ಸರಿಯಾಗಿ ಅಳೆಯಲು ಅವರು ಪಟ್ಟ ಪಾಡನ್ನು ನೆನೆದರೆ, ಭೂಮಾಪಕರ ನಕ್ಷೆಯನ್ನು ಕೈಗೆ ಬಂದಂತೆ ತಿರುಗಿಸುವ ಮನಸ್ಸು ಯಾರಿಗೂ ಬಾರದು.

ಕಥೆಯ ಉಳಿದ ಭಾಗವನ್ನು ಹೇಳುತ್ತೇವೆ. ಹುಡುಗಿ ಅಂದು ರಾತ್ರಿ ಹನ್ನೊಂದೂವರೆಯವರೆಗೆ ನಮ್ಮ ಊಟದ ಮೇಜಿನ ಮೇಲೆ ಕುಳಿತು ಗೋಡೆಯನ್ನು ಹೊಸದಾಗಿ ಎಳೆದಳು. ಮೂಲ ಗಡಿಯ ಎರಡೂ ತುದಿಗಳಲ್ಲಿ ಗೋಡೆಯ ಅಂತರವನ್ನು ಅಳೆದು ಎರಡೂ ಕಡೆ ಒಂದೇ ಬಂದಾಗ ನಮ್ಮ ಮನೆಯವರನ್ನು ಕರೆದು ತೋರಿಸಿದಳು. ನಮ್ಮ ಮನೆಯವರಿಗೆ ನಕ್ಷೆ ತಿಳಿಯದು. ಆದರೂ ಬಗ್ಗಿ ನೋಡಿ, “ಛಲೋ ಆಗೇದ,” ಎಂದರು.

ಮರುದಿನ ಆಕೆ ರಾಜೀನಾಮೆಯ ಬದಲು ಎರಡು ನಕ್ಷೆಗಳನ್ನು ಒಯ್ದಳು: ತಪ್ಪಾದದ್ದು ಒಂದು, ಸರಿಮಾಡಿದ್ದು ಒಂದು. ತನ್ನ ಮೇಲಿನವರೆದುರಿಗೆ ಎರಡನ್ನೂ ಇಟ್ಟು, ತಪ್ಪು ತನ್ನದೆಂದೂ ಅದು ಹೇಗೆ ಆಯಿತೆಂದೂ ತಾನೇ ವಿವರಿಸಿದಳು. ಅವರು ಬೈದರು; ಬೈಯಬೇಕಾದದ್ದೆ. ಅದೃಷ್ಟಕ್ಕೆ ಮಣ್ಣು ತೋಡಿರಲಿಲ್ಲ, ಕಾಂಕ್ರೀಟು ಬಿದ್ದಿರಲಿಲ್ಲ. ಸುಣ್ಣದ ಗೆರೆಯನ್ನು ಅಳಿಸಿ ಹೊಸದಾಗಿ ಎಳೆದರು. ಒಂದು ದಿನದ ಆಳುಗಳ ಕೂಲಿ ಹೋಯಿತು. ಪಕ್ಕದವರನ್ನು ಕರೆದು, ಟೇಪು ಹಿಡಿಸಿ, ಅವರ ಕಣ್ಣೆದುರಿಗೇ ಅಳೆದು ತೋರಿಸಿದ ಮೇಲೆ ಅವರೂ ತಣ್ಣಗಾದರು. ಬೈದ ಅಧಿಕಾರಿಯೇ ಮರುವಾರ, “ಈ ತಿರುಗಿಸುವ ವಿದ್ಯೆಯನ್ನು ಉಳಿದ ಹುಡುಗರಿಗೂ ಹೇಳಿಕೊಡು” ಎಂದರಂತೆ.

ಆ ರವಿವಾರ ಅವಲಕ್ಕಿ ತಿನ್ನುವಾಗ ನಮ್ಮ ಮನೆಯವರು ಒಂದು ಮಾತು ಹೇಳಿದರು. “ನೀವು ಇಬ್ಬರೂ ಅಷ್ಟೊತ್ತು ಏನೇನೋ ಹೇಳಿದ್ರಿ. ನನಗ ತಿಳದದ್ದು ಇಷ್ಟ. ನಾವು ಮನ್ಯಾಗ ಕನ್ನಡ ಆಡ್ತೀವಿ, ಬಾಜಾರದಾಗ ಮರಾಠಿ ಆಡ್ತೀವಿ. ಹಂಗಂತ ನಾವೇನು ಬ್ಯಾರೆ ಆಗ್ತೀವೇನು?”

ಅದಕ್ಕಿಂತ ಚೆನ್ನಾಗಿ ನಾವು ಹೇಳಲಾರೆವು. ಮೂವತ್ತು ವರ್ಷ ಈ ಯಂತ್ರದ ಜೊತೆ ಗುದ್ದಾಡಿದ ನಮಗೆ ಹೊಳೆಯದೆ ಹೋದದ್ದು ಒಗ್ಗರಣೆಯ ಸೌಟು ಹಿಡಿದವರಿಗೆ ಹೊಳೆಯಿತು. ಹುಡುಗಿ ತನ್ನ ಅವ್ವನಿಗೆ ಫೋನು ಮಾಡಿ, ಈಗ ಬರುವುದಿಲ್ಲ, ದೀಪಾವಳಿಗೆ ಬರುತ್ತೇನೆ ಎಂದು ತಿಳಿಸಿದ್ದಾಳೆ.

ವಾಚಕರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಹೊಸತಾಗಿ ಕೆಲಸಕ್ಕೆ ಸೇರಿದ ಇಂಥ ಮಕ್ಕಳಿದ್ದರೆ, ರಾತ್ರಿ ಒಂಬತ್ತಕ್ಕೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ನಿಂತರೆ, ಮೊದಲು ಚಹಾಕ್ಕೆ ನೀರಿಡಿ. ಆಮೇಲೆ ಈ ಪುಟವನ್ನು ತೆರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಕಾಣೋಣ. ಅಂದು ನಕ್ಷೆಯ ಮಾತು ಇರುವುದಿಲ್ಲವೆಂದು ಭರವಸೆ ಕೊಡುತ್ತೇವೆ.